ಹಿಂಡಲಗಾ: ಗೋಡೆ ಭದ್ರ, ಗೇಟು ಸಡಿಲ

ಬೆಳಗಾವಿಯಿಂದ ವೆಂಗುರ್ಲಾ ರಸ್ತೆ ಹಿಡಿದು ಹೋದರೆ ಸಿಗುವ ಹಿಂಡಲಗಾ ಜೈಲಿಗೆ ನೂರು ವರ್ಷ ತುಂಬಿ ಹೋಗಿದೆ. ಬೆಳಗಾವಿ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ, 1923ರಲ್ಲಿ, ಬ್ರಿಟಿಷರು ಕಟ್ಟಿಸಿದ್ದು. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಸಾವರ್ಕರರನ್ನು ಮುನ್ನೆಚ್ಚರಿಕೆಯೆಂದು ಬಂಧಿಸಿ ಇಟ್ಟಿದ್ದೂ ಇಲ್ಲೇ. ನೇಣುಗಂಬದ ಜೈಲು ಎಂದೇ ರಾಜ್ಯದಲ್ಲೆಲ್ಲ ಇದಕ್ಕೆ ಹೆಸರು. 1983ರ ನಂತರ ಇಲ್ಲಿ ಯಾರನ್ನೂ ಗಲ್ಲಿಗೇರಿಸಿಲ್ಲ. ಆದರೂ 'ಹಿಂಡಲಗಾಕ್ಕ ಕಳಸ್ತಾರ' ಅಂದರೆ ಎಂಥ ಗಟ್ಟಿಗನೂ ಬೆವರುತ್ತಿದ್ದ.

ಆ ಹೆಸರು 2023ರಲ್ಲಿ ಮಣ್ಣುಪಾಲಾಯಿತು. ಜನವರಿ 14ರಂದು ಕೇಂದ್ರ ಮಂತ್ರಿ ನಿತಿನ್ ಗಡ್ಕರಿಯವರ ನಾಗಪುರ ಕಚೇರಿಗೆ ಬೆದರಿಕೆಯ ಫೋನು ಬಂತು. 100 ಕೋಟಿ ರೂಪಾಯಿ ಕೇಳಿದ ಆಸಾಮಿ ಎಲ್ಲಿದ್ದಾನೆಂದು ಪೊಲೀಸರು ಜಾಡು ಹಿಡಿದರೆ, ಅದು ಬಂದು ನಿಂತದ್ದು ಹಿಂಡಲಗಾ ಜೈಲಿನೊಳಗೆ! ಅಷ್ಟಾದ ಮೇಲಾದರೂ ಎಚ್ಚರ ಬಂತೇ? ಮಾರ್ಚ್ 21ರಂದು ಮತ್ತೆ ಫೋನು. ಈ ಸಲ 10 ಕೋಟಿ. ತನಿಖೆ ಮತ್ತೆ ಅದೇ ಜೈಲು, ಅದೇ ಖೈದಿಯ ಕಡೆಗೇ ಬೊಟ್ಟು ಮಾಡಿತು. ಕಡೆಗೆ ನಾಗಪುರ ಪೊಲೀಸರೇ ಬಂದು ಆತನನ್ನು ಕರೆದೊಯ್ದರು.

ಇದೇ ಜೈಲಿನ ಇನ್ನೊಂದು ಮುಖ ನೋಡಿ. ಗಲ್ಲು ಶಿಕ್ಷೆಯಾಗಿದ್ದ ಉಮೇಶ್ ರೆಡ್ಡಿಯನ್ನು 2006ರಿಂದ 2016ರವರೆಗೆ ಇಲ್ಲಿ ಒಂಟಿಯಾಗಿ ಕೂಡಿ ಹಾಕಲಾಗಿತ್ತು. ಗಲ್ಲು ಅಂತಿಮವಾಗುವ ಮೊದಲು ಹಾಗೆ ಮಾಡಕೂಡದೆಂದು ಸುಪ್ರೀಂ ಕೋರ್ಟು 1978ರಲ್ಲೇ ಹೇಳಿತ್ತು. 2022ರ ನವೆಂಬರಿನಲ್ಲಿ ಅದೇ ಕೋರ್ಟು ಆ ಒಂಟಿ ಸೆರೆ ಕಾನೂನುಬಾಹಿರ ಎಂದು, ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು. ಆತನಿಗಾಗಿ ಯಾರೂ ಕಣ್ಣೀರು ಹಾಕಬೇಕಿಲ್ಲ. ಆದರೆ ಒಬ್ಬನಿಗೆ ಹತ್ತು ವರ್ಷ ಮನುಷ್ಯರ ಮಾತೇ ಕೇಳದ ಹಾಗೆ ಬಿಗಿ. ಇನ್ನೊಬ್ಬನಿಗೆ ಕೇಂದ್ರ ಮಂತ್ರಿಗೇ ಫೋನು ಮಾಡುವಷ್ಟು ಸಲೀಸು. ಇದೆಂಥ ಭದ್ರತೆ ಸ್ವಾಮಿ?

ಫೋನಿಗೆ ಕಾಲಿಲ್ಲ. ಸೆಟ್ಟು ಬೇಕು, ಸಿಮ್ಮು ಬೇಕು, ಚಾರ್ಜು ಮಾಡೋಕೆ ಕರೆಂಟು ಬೇಕು, ಅಡಗಿಸಿಡಲು ಜಾಗ ಬೇಕು. ಗೋಡೆ ಮೇಲಿಂದ ಎಸೆದರೂ ಒಳಗೆ ಆಯ್ದುಕೊಳ್ಳಲು ಸಂದು ಸಿಗಬೇಕು. ಪ್ರತಿ ಹಂತದಲ್ಲೂ ಯಾರೋ ನೋಡಿಲ್ಲ, ಇಲ್ಲವೇ ನೋಡಿಯೂ ನೋಡದಂತಿದ್ದಾರೆ. ಆ 'ಯಾರೋ' ಯಾರು ಎಂಬುದೇ ಪ್ರಶ್ನೆ.

ಜಾಮರ್ ಹಾಕ್ತೀವಿ ಎಂಬುದು ಇಂಥ ಹೊತ್ತಿಗೆ ಸಿಗುವ ಮಾಮೂಲಿ ಉತ್ತರ. ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ಜಾಮರ್ ಹಾಕಿದ್ದಕ್ಕೆ 2024ರಲ್ಲಿ ಸುತ್ತಲಿನ ಬಡಾವಣೆಯವರು ಫೋನು ಸಿಗದೆ ಗೋಳಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಒಳಗಿನಿಂದ ಆದ ವಿಡಿಯೋ ಕಾಲ್ ಮಾತ್ರ ಊರೆಲ್ಲ ನೋಡಿತು. 2022ರಲ್ಲಿ ಕಾಯಿದೆ ತಿದ್ದಿ ಶಿಕ್ಷೆಯನ್ನೂ ಹೆಚ್ಚಿಸಿದ್ದಾಯಿತು. ಯಂತ್ರ ಇದೆ, ಕಾಯಿದೆ ಇದೆ. ಇಲ್ಲದ್ದು ಗೇಟಿನಲ್ಲಿ ಹೊಣೆ ಹೊರುವವರು.

ಹಾಗಂತ ಬಡ ವಾರ್ಡರನ ತಲೆ ಮೇಲೆ ಎಲ್ಲ ಹೊರಿಸಿ ಮೇಲಿನವರು ಕೈ ತೊಳೆದುಕೊಂಡರೂ ನ್ಯಾಯವಲ್ಲ. ಫೋನು ಸಿಕ್ಕ ಪ್ರತಿ ಸಲ ಅದು ಯಾವ ಪಾಳಿಯಲ್ಲಿ, ಯಾರ ಕಣ್ಣೆದುರು ಬಂತು ಎಂಬ ವಿಚಾರಣೆ ಆಗಬೇಕು. ಅದರ ವರದಿ ಕಪಾಟು ಸೇರದೆ ಜನರ ಮುಂದೆ ಬರಬೇಕು. ಖೈದಿ ಮನೆಯವರ ಜೊತೆ ಮಾತಾಡುವ ಸರ್ಕಾರಿ ಫೋನು ಸರಿಯಾಗಿ, ಸರದಿ ತಪ್ಪದೆ ಸಿಗಬೇಕು. ಅದು ಸಿಕ್ಕರೆ ಕಳ್ಳ ಫೋನಿಗೆ ಅರ್ಧ ಗಿರಾಕಿ ಇಲ್ಲ.

ದುಡ್ಡಿದ್ದವನಿಗೆ ಜೈಲೂ ಸಡಿಲ. ದುಡ್ಡಿಲ್ಲದವನ ತಾಯಿ ಭೇಟಿಯ ದಿನ ಗೇಟಿನ ಹೊರಗೆ ಬಿಸಿಲಲ್ಲಿ ಕಾಯುತ್ತಾಳೆ. ಮಗನ ಮುಖ ನೋಡೋಕೆ ಅವಳ ಚೀಲವನ್ನೆಲ್ಲ ತಡಕುತ್ತಾರೆ. ಅವಳ ಚೀಲ ತಡಕುವಷ್ಟೇ ಶಿಸ್ತು ಎಲ್ಲರ ಮೇಲೂ ಬಿದ್ದರೆ ಸಾಕು.

ಚಳಿಗಾಲದ ಅಧಿವೇಶನಕ್ಕೆ ಸುವರ್ಣ ಸೌಧಕ್ಕೆ ಬರುವ ಮಂತ್ರಿಗಳು ಊರಿನ ಆಚೆ ಬದಿಯ ಹಿಂಡಲಗಾಕ್ಕೂ ಒಮ್ಮೆ ಹೋಗಿ ಬರಲಿ. ಮುಂಚೆ ಹೇಳದೆ ಹೋಗಲಿ.