ಕಲರ್ ಡಬ್ಬಿಯ ತಾರೀಕು ನೋಡಿದ್ದೀರಾ?

ಹಾಲು ಕೆಡುತ್ತದೆ, ಎಣ್ಣೆ ಕೆಡುತ್ತದೆ, ಬಣ್ಣವೂ ಕೆಡುವುದುಂಟೇ ಎಂದು ನಮ್ಮ ಹೊಟೇಲು ಮಾಲಕರಲ್ಲಿ ಅನೇಕರು ಕೇಳುವುದುಂಟು. ಕೆಡುತ್ತದೆ. ವಿಕ್ರೋಳಿಯಲ್ಲಿ ಸ್ಟೇಷನ್ ಹತ್ತಿರವಿರಲಿ, ಕನ್ನಮ್ವಾರ್ ನಗರವಿರಲಿ, ನಮ್ಮ ಅಡಿಗೆಮನೆಗಳು ಇಕ್ಕಟ್ಟಿನವು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಕಲರ್ ಡಬ್ಬಿಗೆ ಸಿಗುವ ಜಾಗ ಒಲೆಯ ಪಕ್ಕದ ಹಲಗೆ. ಭಟ್ಟರು ಒದ್ದೆ ಚಮಚೆಯನ್ನೇ ಅದ್ದುತ್ತಾರೆ, ಮುಚ್ಚಳ ಅರ್ಧ ತೆರೆದೇ ಇರುತ್ತದೆ.

ಒಣ ಪುಡಿ ಬೇಗ ಹಾಳಾಗುವ ವಸ್ತುವಲ್ಲ, ನಿಜ. ಆದರೆ ತೇವ ತಗಲಿದರೆ ಗಂಟು ಕಟ್ಟುತ್ತದೆ, ಜಿಲೇಬಿ ಹಿಟ್ಟಿನಲ್ಲಿ ಸರಿಯಾಗಿ ಕರಗದೆ ಚುಕ್ಕೆ ಬೀಳುತ್ತದೆ. ನೀರಿನಲ್ಲಿ ಕಲಸಿ ಬಾಟಲಿಯಲ್ಲಿಟ್ಟ ಬಣ್ಣದ ಕತೆಯೇ ಬೇರೆ. ಹುಳಿ ವಾಸನೆ, ಮೇಲೆ ತೆಳ್ಳಗಿನ ಪೊರೆ, ನೊರೆ, ಉಬ್ಬಿದ ಬಾಟಲಿ, ಇವುಗಳಲ್ಲಿ ಒಂದು ಕಂಡರೂ ಮೋರಿಗೆ ಸುರಿಯಿರಿ. ಕುದಿಸಿ ಬಳಸುವ ಜಾಣತನ ಬೇಡ. ಅಡಿಯಲ್ಲಿ ಗಸಿ ಕೂತ ಬಾಟಲಿ ಇನ್ನೂ ಮೋಸದ್ದು. ಮೇಲಿನ ನೀರು ತೆಳುವಾಯಿತೆಂದು ಭಟ್ಟರು ಎರಡು ಚಮಚೆ ಹೆಚ್ಚು ಹಾಕುತ್ತಾರೆ. ಮರುದಿನ ಗಟ್ಟಿ ಗಸಿಗೂ ಅದೇ ಅಳತೆ!

ಅಪಾಯವಿರುವುದು ಇಲ್ಲಿ. ಕಾನೂನು ಒಪ್ಪಿದ ಕೃತಕ ಬಣ್ಣಗಳು 8 ಮಾತ್ರ. ಸಿಹಿತಿಂಡಿಗೆ ಮಿತಿ ಕಿಲೋಗೆ 100 ಮಿಲಿಗ್ರಾಂ, ಅಂದರೆ 10 ಕಿಲೋಗೆ 1 ಗ್ರಾಂ. ಕಣ್ಣಳತೆಗೆ ಇದು ಸಿಕ್ಕುವ ಲೆಕ್ಕವಲ್ಲ. ಮಂಚೂರಿ, ತಂದೂರಿಗಳಿಗಂತೂ ಹಾಕುವಂತೆಯೇ ಇಲ್ಲ. ಊರಿನಲ್ಲಿ 2024ರ ಮಾರ್ಚ್‌ನಲ್ಲಿ ಏನಾಯಿತೆಂದು ನೆನಪಿರಲಿ. ಕರ್ನಾಟಕ ಸರಕಾರ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತು. ಗೋಬಿಗೂ ಬಾಂಬೆ ಮಿಠಾಯಿಗೂ (ಹೆಸರು ನಮ್ಮ ಮುಂಬಯಿಯದೇ!) ಬಣ್ಣ ನಿಷೇಧವಾಯಿತು, ಜೂನ್‌ನಲ್ಲಿ ಕಬಾಬಿಗೂ. ಅಲ್ಲಿ ಸಿಕ್ಕಿದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಬಿಡಿ ಪೊಟ್ಟಣದಲ್ಲಿ ಪುಡಿ ತರುವವರಿಗೆ ಒಳಗೆ ಯಾವುದಿದೆ ಎಂದು ಹೇಗೆ ತಿಳಿಯಬೇಕು? ಆಹಾರ ಸುರಕ್ಷತಾ ಕಾಯಿದೆ ಇಡೀ ದೇಶಕ್ಕೆ ಒಂದೇ, ಮುಂಬಯಿಗೆ ಬೇರೆ ಇಲ್ಲ.

ನನ್ನ ಅಭಿಪ್ರಾಯದಲ್ಲಿ ತಪ್ಪು ಭಟ್ಟರದ್ದಲ್ಲ. ಅಗ್ಗವೆಂದು ದೊಡ್ಡ ಡಬ್ಬಿ ತಂದು, ಲೇಬಲ್ಲಿಲ್ಲದ ಬರಣಿಗೆ ಸುರಿಯುವವರು ನಾವೇ. ಲೇಬಲ್ ಹೋದರೆ ಬ್ಯಾಚ್ ನಂಬರೂ ಹೋಯಿತು, ಅವಧಿಯ ತಾರೀಕೂ ಹೋಯಿತು. ಇನ್‌ಸ್ಪೆಕ್ಟರ್ ಬಂದಾಗ ತೋರಿಸುವುದೇನು? ಲೈಸೆನ್ಸ್ ಇರುವುದು ನಮ್ಮ ಹೆಸರಿನಲ್ಲಿ. ಸಣ್ಣ ಡಬ್ಬಿ ತನ್ನಿ, ತೆರೆದ ದಿನ ಅದರ ಮೇಲೆ ಬರೆಯಿರಿ, ಬಿಸಿಲು ಬೀಳದ ಒಣ ಕಪಾಟಿನಲ್ಲಿ ಬೀಗ ಹಾಕಿ ಇಡಿ. ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಅಂದಂದಿನ ಪುಡಿ ಗಲ್ಲೆಯಿಂದಲೇ ಕೊಡಿ. ಭಟ್ಟರು ಮುನಿಸಿಕೊಂಡಾರು, ಎರಡು ದಿನ ಅಷ್ಟೇ.