ಕೇಶಲೋಚನ ಶ್ರದ್ಧೆ ಸರಿ, ದೋಷಶಾಂತಿ ಯಾವುದು?

2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಮೂಢನಂಬಿಕೆ ವಿರೋಧಿ ಕಾನೂನು ಎಂಜಲೆಲೆಯ ಮೇಲೆ ಉರುಳುವುದನ್ನು, ನಿಧಿಯಾಸೆಯ ವಾಮಾಚಾರವನ್ನು, ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ಅಪರಾಧವೆಂದಿದೆ. ಅದೇ ಕಾನೂನು ಜೈನರ ಕೇಶಲೋಚನವನ್ನು ಹೆಸರಿಸಿ ಹೊರಗಿಟ್ಟಿದೆ. ನಮ್ಮ ಸಮಾಜಕ್ಕೆ ಇದು ಸಮಾಧಾನದ ವಿಷಯ. ಆದರೆ ಅಷ್ಟಕ್ಕೇ ನಾವು ನಿರಾಳರಾಗುವಂತಿಲ್ಲ.

ಕೇಶಲೋಚನದಲ್ಲೂ ನೋವಿದೆ. ಮುನಿಗಳು ಎರಡು ತಿಂಗಳಿಂದ ನಾಲ್ಕು ತಿಂಗಳೊಳಗೆ, ಉಪವಾಸವಿದ್ದು, ತಮ್ಮ ಕೈಯಿಂದಲೇ ಕೂದಲು ಕೀಳುತ್ತಾರೆ. ಯಾರ ಒತ್ತಾಯವೂ ಇಲ್ಲ, ಪ್ರತಿಯಾಗಿ ಏನನ್ನೂ ಬೇಡುವುದಿಲ್ಲ. ದೇಹದ ಮಮತೆ ಕಳೆಯುವುದಷ್ಟೇ ಉದ್ದೇಶ.

ಅದೇ ಕಾನೂನು ಜ್ಯೋತಿಷ್ಯ, ವಾಸ್ತುಗಳನ್ನೂ ಮುಟ್ಟಿಲ್ಲ. ಕಾನೂನು ನೋಡುವುದು ಮನುಷ್ಯನ ದೇಹ, ಹಣ, ಮಾನಕ್ಕೆ ಆಗುವ ಹಾನಿಯನ್ನು. ಶ್ರಾವಕನ ಅಳತೆಗೋಲು ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂರು ಮೂಢತೆಗಳನ್ನು ಹೇಳುತ್ತಾರೆ. ನದಿಸ್ನಾನವೇ ಧರ್ಮವೆನ್ನುವಂಥ ಲೋಕಮೂಢತೆಯಾಗಲಿ, ಪರಿಗ್ರಹವುಳ್ಳ ವೇಷಧಾರಿಗಳನ್ನು ಗುರುವೆನ್ನುವ ಮೂಢತೆಯಾಗಲಿ ನಮಗೆ ಬೇಗ ಕಾಣುತ್ತವೆ, ಬೇರೆಯವರಲ್ಲಿ! ಇನ್ನೊಂದು ದೇವಮೂಢತೆ: ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಪೂಜಿಸುವುದು. ಇದು ನಮ್ಮ ಮನೆಬಾಗಿಲಿನದು.

ಹುಂಚದ ಪದ್ಮಾವತಿಗೆ, ನರಸಿಂಹರಾಜಪುರದ ಜ್ವಾಲಾಮಾಲಿನಿಗೆ ಹೋಗಬಾರದೆಂದು ಇದರರ್ಥವಲ್ಲ. ಅವರು ಪಾರ್ಶ್ವನಾಥ, ಚಂದ್ರಪ್ರಭ ತೀರ್ಥಂಕರರ ಶಾಸನದೇವಿಯರು; ಆ ಗೌರವ ಸಲ್ಲಬೇಕಾದ್ದೇ. ಆದರೆ ಜಿನಬಿಂಬದ ಮುಂದೆ ಅರೆನಿಮಿಷ ನಿಂತು, ಅಮ್ಮನವರ ಮುಂದೆ ಪರೀಕ್ಷೆ, ಸೈಟು, ವ್ಯಾಪಾರದ ಪಟ್ಟಿ ಓದುವುದು ಯಾವ ಸಮ್ಯಕ್ತ್ವ? ಕಟ್ಟಿಕೊಂಡ ಕರ್ಮ ಉಣ್ಣಬೇಕು, ಇಲ್ಲವೇ ತಪಸ್ಸಿನಿಂದ ನಿರ್ಜರೆಯಾಗಬೇಕು ಎಂದು ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸಿ, ಸಂಜೆ ಕಾಳಸರ್ಪದೋಷ ಶಾಂತಿಗೆ ರಸೀದಿ ಬರೆಸಿದರೆ ಆ ಮಕ್ಕಳು ಯಾವುದನ್ನು ನಂಬಬೇಕು?

ಜನ್ನನ ಯಶೋಧರ ಚರಿತೆಯನ್ನು ನೆನೆಯಿರಿ. ಕೆಟ್ಟ ಕನಸಿನ ಶಾಂತಿಗೆಂದು ತಾಯಿಯ ಮಾತಿಗೆ ಒಪ್ಪಿ ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಇಂದಿನ ಯಾವ ಕಾನೂನಿಗೂ ಅದು ಅಪರಾಧವಲ್ಲ. ಆದರೂ ಆ ಸಂಕಲ್ಪಹಿಂಸೆಗಾಗಿ ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು.

ಕುಜದೋಷವೆಂದು ಒಳ್ಳೆಯ ಸಂಬಂಧವೊಂದನ್ನು ಬಿಡುವಾಗಲೂ ಯಾರ ಮೇಲೂ ದೂರು ದಾಖಲಾಗುವುದಿಲ್ಲ. ಮನೆಯಲ್ಲಿ ಕುಳಿತ ಹೆಣ್ಣುಮಗಳಿಗೆ ಮಾತ್ರ ಇನ್ನೊಂದು ವರ್ಷ ಸರಿಯುತ್ತದೆ. ಆ ಜಾತಕವನ್ನು ಕೇಳಿ ತರಿಸಿದವರು ನಾವೇ.