‘ಸವಾಲಿನ ವಾತಾವರಣ’ ಅಳಿಸಿ, ಹೆವಿ ಲೈಸೆನ್ಸ್ ಬರೆಯಿರಿ

ಪರಶುರಾಂಪುರದಲ್ಲಿ ರೆಸ್ಯೂಮ್ ಮಾಡಿಸಲು ಜೆರಾಕ್ಸ್ ಅಂಗಡಿಗೆ ಹೋದರೆ ಹೆಸರು, ಊರು, ಮಾರ್ಕ್ಸ್ ಕೇಳುತ್ತಾರೆ. ‘ಕೆರಿಯರ್ ಆಬ್ಜೆಕ್ಟಿವ್’ ಏನು ಹಾಕಲಿ ಎಂದು ಯಾರೂ ಕೇಳುವುದಿಲ್ಲ. ಅದು ಕಂಪ್ಯೂಟರಿನಲ್ಲಿ ಮೊದಲೇ ಕೂತಿರುತ್ತದೆ. ಹೆಸರಾಂತ ಸಂಸ್ಥೆಯ ಸವಾಲಿನ ವಾತಾವರಣದಲ್ಲಿ ದುಡಿದು, ಸಂಸ್ಥೆಯ ಜೊತೆ ನಾನೂ ಬೆಳೆಯಬೇಕು ಎಂಬರ್ಥದ ಇಂಗ್ಲಿಷ್ ಸಾಲು. ಗಾರ್ಮೆಂಟ್ಸ್‌ಗೂ ಅದೇ, ಬ್ಯಾಂಕಿಗೂ ಅದೇ, ವಿಮಾನ ನಿಲ್ದಾಣದ ಕೆಲಸಕ್ಕೂ ಅದೇ. ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿದ ಹಾಗೆ.

ಈ ಸಾಲು ನಮ್ಮ ಮಕ್ಕಳ ದಾರಿ ತಪ್ಪಿಸುತ್ತಿದೆ ಎಂಬುದು ನಮ್ಮ ವಾದ. ಅದನ್ನು ಅಳಿಸಲೇಬೇಕು.

ಚಳ್ಳಕೆರೆ ತಾಲ್ಲೂಕಿಗೆ ವಿಮಾನ ಹೊಸದಲ್ಲ. 2017ರ ಮೇ ತಿಂಗಳಲ್ಲಿ ಇಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೊದ ರೆಕ್ಕೆಯ ವಾಹನವನ್ನು ಎತ್ತಿ ಬಿಟ್ಟಿತು, ಅದು ತಾನೇ ಬಂದು ಇಲ್ಲಿನ ರನ್‌ವೇ ಮೇಲೆ ಇಳಿಯಿತು. ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ ಇದೆಲ್ಲ ನಡೆದಿದೆ. ಆ ಕಾವಲು ಬಿಟ್ಟುಕೊಟ್ಟ ಸೀಮೆಯ ಹುಡುಗ ಹುಡುಗಿಯರು ಬೇಲಿಯಾಚೆ ನಿಂತು ಮೇಲೆ ನೋಡುವುದಷ್ಟೇ ಸಾಕೇ? ನೆಲದ ಪ್ರಶ್ನೆ ಎರಡು ಸಾಲಿನ ರೆಸ್ಯೂಮಿನಿಂದ ಬಗೆಹರಿಯುವುದಿಲ್ಲ, ಅದು ಬೇರೆ ಹೋರಾಟ. ಆದರೆ ನಮ್ಮ ಕೈಯಲ್ಲೇ ಇರುವ ಆ ಎರಡು ಸಾಲನ್ನಾದರೂ ನಾವೇ ಬರೆಯಬೇಕು.

ಆಬ್ಜೆಕ್ಟಿವ್ ಇರುವುದು ಅನುಭವ ಇಲ್ಲದವರಿಗಾಗಿ. ಯಾವ ಕೆಲಸ ಬೇಕು, ಅದಕ್ಕೆ ಬೇಕಾದದ್ದು ನನ್ನಲ್ಲಿ ಏನಿದೆ, ಬಂದರೆ ಏನು ಮಾಡಬಲ್ಲೆ, ಇಷ್ಟೇ ಅದರಲ್ಲಿರಬೇಕು. ಲಗೇಜ್ ಗಾಡಿ ಓಡಿಸುವ ರ‍್ಯಾಂಪ್ ಡ್ರೈವರ್ ಕೆಲಸಕ್ಕೆ ಆಳು ತೆಗೆದುಕೊಳ್ಳುವವರು ನೋಡುವುದು ಎಸ್ಸೆಸ್ಸೆಲ್ಸಿ ಆಗಿದೆಯಾ, ಹೆವಿ ಲೈಸೆನ್ಸ್ ಇದೆಯಾ, ರಾತ್ರಿ ಪಾಳಿಗೆ ಬರುತ್ತಾನಾ ಎಂದು. ‘ಸವಾಲಿನ ವಾತಾವರಣ’ ಅವರಿಗೆ ಏನನ್ನೂ ಹೇಳುವುದಿಲ್ಲ. ನಮ್ಮ ಹುಡುಗನ ಬಳಿ ಹೆವಿ ಲೈಸೆನ್ಸ್ ಇರುತ್ತದೆ, ಶೇಂಗಾ ಲೋಡ್ ಹೊತ್ತು ರಾತ್ರಿಯೆಲ್ಲ ಲಾರಿ ಓಡಿಸಿದ ಅಭ್ಯಾಸ ಇರುತ್ತದೆ. ರೆಸ್ಯೂಮಿನಲ್ಲಿ ಎರಡೂ ಇರುವುದಿಲ್ಲ.

ಹೀಗೆ ಬರೆದು ನೋಡಿ: ‘ರ‍್ಯಾಂಪ್ ಡ್ರೈವರ್ ಕೆಲಸಕ್ಕೆ ಅರ್ಜಿ. ಹೆವಿ ಲೈಸೆನ್ಸ್ ಇದೆ, ಮೂರು ವರ್ಷ ಲಾರಿ ಓಡಿಸಿದ್ದೇನೆ, ಪಾಳಿ ಕೆಲಸಕ್ಕೆ ಸಿದ್ಧ.’ ಡಿಗ್ರಿ ಮುಗಿಸಿದ ಹುಡುಗಿ ಚೆಕ್-ಇನ್ ಕೌಂಟರಿನ ಕೆಲಸ ಕೇಳುವುದಾದರೆ: ‘ಪ್ರಯಾಣಿಕರ ಸೇವಾ ವಿಭಾಗದಲ್ಲಿ ಕೆಲಸ ಬೇಕು. ಕನ್ನಡ, ತೆಲುಗು ಎರಡೂ ಚೆನ್ನಾಗಿ ಬರುತ್ತವೆ, ಇಂಗ್ಲಿಷ್, ಹಿಂದಿಯಲ್ಲಿ ವ್ಯವಹರಿಸಬಲ್ಲೆ.’ ಗಡಿಯಲ್ಲಿ ಹುಟ್ಟಿದ ನಮಗೆ ತೆಲುಗು ಪುಕ್ಕಟೆ ಬಂದದ್ದು, ಅದಕ್ಕೇ ನಾವು ಅದಕ್ಕೆ ಬೆಲೆ ಕಟ್ಟುವುದಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅದಕ್ಕೆ ಬೆಲೆ ಇದೆ.

‘ಹಳ್ಳಿ ಹುಡುಗರ ಇಂಗ್ಲಿಷ್ ನೋಡಿದರೆ ಪಕ್ಕಕ್ಕೆ ಇಡುತ್ತಾರೆ, ರೆಡಿಮೇಡ್ ಸಾಲೇ ಕ್ಷೇಮ’ ಎನ್ನುವವರಿದ್ದಾರೆ. ವಿಮಾನದ ಕೆಲಸಕ್ಕೆ ಇಂಗ್ಲಿಷ್ ಬೇಕು ನಿಜ. ರೆಸ್ಯೂಮೂ ಇಂಗ್ಲಿಷಿನಲ್ಲೇ ಇರಲಿ. ಆದರೆ ಸಂದರ್ಶನದಲ್ಲಿ ಆ ಸಾಲನ್ನೇ ತೋರಿಸಿ ‘ಇದರ ಅರ್ಥ ಹೇಳಪ್ಪಾ’ ಎಂದರೆ? ಎರವಲು ಸಾಲು ಅಲ್ಲೇ ಕೈಕೊಡುತ್ತದೆ. ಮೊದಲು ಕನ್ನಡದಲ್ಲಿ ಯೋಚಿಸಿ, ಆಮೇಲೆ ನಿಮಗೆ ಬರುವ ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ತಪ್ಪಿದ್ದರೆ ಮೇಷ್ಟರ ಹತ್ತಿರ ತಿದ್ದಿಸಿಕೊಳ್ಳಿ.

ಇನ್ನೂ ದೊಡ್ಡ ನಷ್ಟ ಬೇರೆ ಇದೆ. ‘ಏವಿಯೇಷನ್ ಕೋರ್ಸ್’ ಎಂದು ಲಕ್ಷಗಟ್ಟಲೆ ಫೀಸು ಕೇಳುವವರು ‘ಏವಿಯೇಷನ್’ ಎಂಬುದು ಒಂದೇ ಕೆಲಸವೇನೋ ಎಂಬಂತೆ ಮಾತಾಡುತ್ತಾರೆ. ಪೈಲಟ್ ಆಗಲು ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು, ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ವಿಮಾನ ದುರಸ್ತಿಯ ಲೈಸೆನ್ಸ್ ಕೊಡುವುದು ಡಿಜಿಸಿಎ, ಕಲಿಸುವ ಸಂಸ್ಥೆಗೆ ಅದರ ಮಾನ್ಯತೆ ಇದೆಯೇ ಎಂದು ನೋಡಬೇಕು. ಏರ್ ಟ್ರಾಫಿಕ್ ಕಂಟ್ರೋಲ್‌ಗೆ ಭೌತಶಾಸ್ತ್ರ, ಗಣಿತದ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಮಾಡಿ ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆಯಬೇಕು. ಐಟಿಐ ಮಾಡಿದವರನ್ನು ಎಚ್‌ಎಎಲ್ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಅದರ ಹೆಲಿಕಾಪ್ಟರ್ ಕಾರ್ಖಾನೆ ಪಕ್ಕದ ತುಮಕೂರು ಜಿಲ್ಲೆಯ ಗುಬ್ಬಿಯಲ್ಲೇ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ. ಇಂಥ ಸರ್ಕಾರಿ ನೇಮಕಾತಿಗಳಲ್ಲಿ ಅರ್ಜಿ ನಮೂನೆ, ಅಂಕ, ಪರೀಕ್ಷೆಯೇ ಮುಖ್ಯ, ಆಬ್ಜೆಕ್ಟಿವ್ ಅಲ್ಲ.

ಆದ್ದರಿಂದ ಆಬ್ಜೆಕ್ಟಿವ್ ಬರೆಯಬೇಕಾದದ್ದು ಕೋರ್ಸ್ ಮುಗಿದ ಮೇಲಲ್ಲ, ಫೀಸು ಕಟ್ಟುವ ಮೊದಲು. ಯಾವ ಕೆಲಸ, ಅದಕ್ಕೆ ಕಾನೂನು ಕೇಳುವ ಓದು ಏನು, ಈ ಕೋರ್ಸ್ ಅದನ್ನು ಕೊಡುತ್ತದೆಯೇ ಎಂದು ಎರಡು ಸಾಲಿನಲ್ಲಿ ಬರೆಯಲು ಆಗದಿದ್ದರೆ ಅಪ್ಪ ಹೊಲ ಅಡ ಇಡುವುದು ಬೇಡ. ರೆಸ್ಯೂಮ್ ನೋಡಿದೆವು, ಸೆಲೆಕ್ಟ್ ಆಗಿದ್ದೀರಿ, ಡೆಪಾಸಿಟ್ ಕಳಿಸಿ ಎಂದು ಫೋನ್ ಬಂದರೆ ಅಲ್ಲೇ ಇಟ್ಟುಬಿಡಿ. ಕೆಲಸ ಕೊಡುವವರು ಹಾಗೆ ದುಡ್ಡು ಕೇಳುವುದಿಲ್ಲ.

ಜೆರಾಕ್ಸ್ ಅಂಗಡಿಯ ಅಣ್ಣಂದಿರಿಗೆ ಒಂದು ಮಾತು. ಆ ಹಳೇ ಸಾಲನ್ನು ಇವತ್ತೇ ಡಿಲೀಟ್ ಮಾಡಿ, ಜಾಗ ಖಾಲಿ ಬಿಡಿ. ಎದುರು ಕೂತ ಹುಡುಗನನ್ನೋ ಹುಡುಗಿಯನ್ನೋ ‘ನಿನಗೆ ಯಾವ ಕೆಲಸ ಬೇಕು, ನಿನಗೆ ಏನು ಬರುತ್ತೆ?’ ಎಂದು ಕೇಳಿ. ಅವರು ಹೇಳಿದ್ದನ್ನೇ ಟೈಪ್ ಮಾಡಿ.